ಎರಡನೆಯ ವರ್ಷದ ಸಹಜತೆ, ಆರನೆಯ ವರ್ಷದ ತೊಡಕು: ಅವಧಿಪೂರ್ವ ಜನಿಸಿದ ಮಕ್ಕಳ ಸೌಮ್ಯ ಚಲನಾ ತೊಂದರೆಗಳ ಮರುಪರಿಶೀಲನೆ

ಗರ್ಭಾವಸ್ಥೆಯ 37 ವಾರಗಳು ತುಂಬುವ ಮೊದಲೇ ಹುಟ್ಟಿದ ಶಿಶುಗಳಲ್ಲಿ ಮೊದಲ ವರ್ಷ ಕಾಣಿಸಿಕೊಂಡು, ಒಂದೂವರೆ ವರ್ಷದ ಹೊತ್ತಿಗೆ ಮರೆಯಾಗುವ ಸ್ನಾಯುಬಿಗುವಿನ ವ್ಯತ್ಯಾಸಗಳನ್ನು ನಿರುಪದ್ರವಿ ಎಂದು ಭಾವಿಸಬಹುದೇ ಎಂಬ ಪ್ರಶ್ನೆಯನ್ನು ಈ ಲೇಖನ ಪರಿಶೀಲಿಸುತ್ತದೆ. ಜಿಲ್ಲಾ ಆಸ್ಪತ್ರೆಯೂ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜಿನ ಹಾನಗಲ್ ಶ್ರೀ ಕುಮಾರೇಶ್ವರ ಆಸ್ಪತ್ರೆಯೂ ಇರುವ ಬಾಗಲಕೋಟೆಯ ನವನಗರದಂಥ ಕೇಂದ್ರಗಳಿಗೆ ಬಾದಾಮಿ, ಹುನಗುಂದ, ಇಳಕಲ್ಲಿನ ಸುತ್ತಲಿನ ಹಳ್ಳಿಗಳಿಂದ ದಿನ ತುಂಬದ ಶಿಶುಗಳು ಬರುತ್ತವೆ; ಅವು ಬದುಕಿ ಮನೆಗೆ ಮರಳಿದ ಮೇಲೆ ಎಷ್ಟು ಕಾಲ ತಪಾಸಣೆಯಲ್ಲಿರಬೇಕು ಎಂಬುದು ಈ ಪ್ರಶ್ನೆಯ ಉತ್ತರವನ್ನೇ ಅವಲಂಬಿಸಿದೆ.

ವಿವಾದವಿಲ್ಲದ ಸಂಗತಿಗಳನ್ನು ಸಂಕ್ಷಿಪ್ತವಾಗಿ ಹೇಳಬಹುದು. ಅವಧಿಪೂರ್ವ ಜನನಕ್ಕೂ ಕೈಕಾಲುಗಳ ಸೆಡೆತಕ್ಕೂ ಇರುವ ನಂಟನ್ನು ಲಂಡನ್ನಿನ ವೈದ್ಯ ವಿಲಿಯಂ ಜಾನ್ ಲಿಟಲ್ 1862ರಷ್ಟು ಹಿಂದೆಯೇ ಗುರುತಿಸಿದ್ದನು. 24ರಿಂದ 32ನೆಯ ವಾರದವರೆಗೆ, ನರತಂತುಗಳಿಗೆ ಮಯಲಿನ್ ಎಂಬ ಹೊದಿಕೆಯನ್ನು ಮುಂದೆ ಕಟ್ಟಿಕೊಡಬೇಕಾದ ಎಳೆಯ ಕೋಶಗಳು ಆಮ್ಲಜನಕದ ಕೊರತೆಗೂ ಸೋಂಕಿನ ಉರಿಯೂತಕ್ಕೂ ಸುಲಭವಾಗಿ ತುತ್ತಾಗುತ್ತವೆ. ಕಾಲುಗಳ ಚಲನೆಯನ್ನು ನಿಯಂತ್ರಿಸುವ ತಂತುಗಳು ಮಿದುಳಿನ ದ್ರವಕೋಣೆಗಳಿಗೆ ಅತಿ ಸಮೀಪದಲ್ಲಿ ಹಾದುಹೋಗುವುದರಿಂದ, ಅಲ್ಲಿನ ಬಿಳಿದ್ರವ್ಯಕ್ಕೆ ಆದ ಹಾನಿ ಮೊದಲು ಕಾಲುಗಳಲ್ಲಿ ವ್ಯಕ್ತವಾಗುತ್ತದೆ. ಜೋಸೆಫ್ ವೋಲ್ಪೆ 2009ರಲ್ಲಿ ವಿವರಿಸಿದಂತೆ, ಈ ಹಾನಿ ಬಿಳಿದ್ರವ್ಯಕ್ಕಷ್ಟೇ ಸೀಮಿತವಲ್ಲ. ಥಲಾಮಸ್, ಮಿದುಳಿನ ತೊಗಟೆ ಮತ್ತು ಚಲನೆಯ ಹೊಂದಾಣಿಕೆಯನ್ನು ನೋಡಿಕೊಳ್ಳುವ ಕಿರುಮಿದುಳಿನ ಬೆಳವಣಿಗೆಯೂ ಕುಂಠಿತವಾಗುತ್ತದೆ. ಚದುರಿದ ಸೂಕ್ಷ್ಮ ಹಾನಿ ನೆತ್ತಿಯ ಮೇಲಿನಿಂದ ಮಾಡುವ ಅಲ್ಟ್ರಾಸೌಂಡ್ ಸ್ಕ್ಯಾನಿನಲ್ಲಿ ಕಾಣದೆ ಉಳಿಯಬಹುದು ಎಂಬುದೂ ಒಪ್ಪಿತ ವಿಷಯವೇ.

ಭಿನ್ನಾಭಿಪ್ರಾಯ ಹುಟ್ಟುವುದು ಮುಂದಿನ ಹಂತದಲ್ಲಿ. ಎಡಿನ್‌ಬರೋದ ಸಿಸಿಲ್ ಮೇರಿ ಡ್ರಿಲಿಯನ್ 1972ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಡಿಮೆ ತೂಕದ ಶಿಶುಗಳ ಮೊದಲ ವರ್ಷದಲ್ಲಿ ಕಂಡುಬಂದು ಆಮೇಲೆ ಮಾಯವಾಗುವ ಬಿಗುವಿನ ಲಕ್ಷಣಗಳನ್ನು, ಅಂದರೆ ಬೆನ್ನು ಮತ್ತು ಕಾಲುಗಳು ಸೆಟೆಯುವುದು, ತಲೆ ಹಿಂದಕ್ಕೆ ವಾಲುವುದು ಮುಂತಾದವನ್ನು, ತಾತ್ಕಾಲಿಕ ಡಿಸ್ಟೋನಿಯ ಎಂದು ಕರೆದರು. ಈ ಹೆಸರು ಚಿಕಿತ್ಸಾಲಯಗಳಲ್ಲಿ ಬಳಕೆಗೆ ಬಂದಂತೆ ಅದರ ಮೊದಲ ಪದವೇ ತೀರ್ಪಾಗಿ ಪರಿಣಮಿಸಿತು: ಮಗು ನಡೆಯತೊಡಗಿತು, ಬಿಗುವು ಇಳಿಯಿತು, ಆದುದರಿಂದ ತಪಾಸಣೆ ಮುಗಿಯಿತು. ಆದರೆ ಈ ತೀರ್ಮಾನ ಡ್ರಿಲಿಯನ್ ಅವರದಲ್ಲ. ಅವರೇ ಸಹೋದ್ಯೋಗಿಗಳೊಂದಿಗೆ ಆ ಮಕ್ಕಳನ್ನು ಶಾಲಾ ವಯಸ್ಸಿನವರೆಗೆ ಅನುಸರಿಸಿ 1980ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಮೊದಲ ವರ್ಷ ಇಂಥ ಲಕ್ಷಣ ತೋರಿದವರಲ್ಲಿ ಶಾಲೆಯ ತೊಂದರೆಗಳು ಹೆಚ್ಚಾಗಿದ್ದುದು ದಾಖಲಾಗಿದೆ.

ಲಕ್ಷಣ ಮರೆಯಾಗುವುದಕ್ಕೆ ಎರಡು ವಿವರಣೆಗಳು ಸಾಧ್ಯ. ಮಿದುಳು ನಿಜಕ್ಕೂ ಚೇತರಿಸಿಕೊಂಡಿರಬಹುದು. ಇಲ್ಲವೇ, ಹಾನಿ ಹಾಗೆಯೇ ಉಳಿದು, ಅದನ್ನು ಬಯಲು ಮಾಡುವಂಥ ಕೆಲಸ ಇನ್ನೂ ಮಗುವಿನ ಮುಂದೆ ಬಂದಿರದಿರಬಹುದು. ಎರಡನೆಯ ವರ್ಷದ ಪರೀಕ್ಷೆ ಕೂರುವುದನ್ನು, ನಿಲ್ಲುವುದನ್ನು, ನಡೆಯುವುದನ್ನು ಅಳೆಯುತ್ತದೆ. ಅಂಗಿಯ ಗುಂಡಿ ಹಾಕುವುದು, ಒಂಟಿಗಾಲಿನಲ್ಲಿ ಕುಂಟೆಬಿಲ್ಲೆ ಆಡುವುದು, ಹಲಗೆಯ ಮೇಲಿನ ಒತ್ತಕ್ಷರವನ್ನು ನೋಡಿ ಗೆರೆಯೊಳಗೆ ಬರೆಯುವುದು ಇವೆಲ್ಲ ಕಣ್ಣು, ಕೈ ಮತ್ತು ಯೋಜನೆ ಮೂರೂ ಕೂಡಿ ಆಗಬೇಕಾದ ಕೆಲಸಗಳಾದುದರಿಂದ, ಅವುಗಳಲ್ಲಿನ ಕೊರತೆ ಐದಾರು ವರ್ಷಕ್ಕೆ ಮೊದಲು ಗೋಚರಿಸುವಂತಿಲ್ಲ.

ಎರಡನೆಯ ವಿವರಣೆಯನ್ನು ಬೆಂಬಲಿಸುವ ಪುರಾವೆ ಎರಡು ದಿಕ್ಕಿನಿಂದ ದೊರೆಯುತ್ತದೆ. ಸೆರೆಬ್ರಲ್ ಪಾಲ್ಸಿ ಇಲ್ಲದ ಅವಧಿಪೂರ್ವ ಮಕ್ಕಳನ್ನಷ್ಟೇ ಪರಿಗಣಿಸಿ ವಿಲಿಯಮ್ಸ್, ಲೀ ಮತ್ತು ಆಂಡರ್ಸನ್ 2010ರಲ್ಲಿ ನಡೆಸಿದ ಸಮಗ್ರ ವಿಮರ್ಶೆಯಲ್ಲಿ, ಸೌಮ್ಯದಿಂದ ಮಧ್ಯಮ ಮಟ್ಟದ ಚಲನಾ ಕೊರತೆಯ ಪ್ರಮಾಣ ನೂರಕ್ಕೆ ಸುಮಾರು 40, ಮಧ್ಯಮ ಮಟ್ಟದ್ದನ್ನೇ ಪ್ರತ್ಯೇಕವಾಗಿ ಎಣಿಸಿದರೆ 19 ಎಂದು ಕಂಡುಬಂದಿತು. ಭಾರತದ ಮಟ್ಟಿಗೆ ಪುಣೆಯ ಕೆಇಎಂ ಆಸ್ಪತ್ರೆಯಲ್ಲಿ ಸುಧಾ ಚೌಧರಿ ಮತ್ತು ಸಂಗಡಿಗರು ನಡೆಸಿದ ಅಧ್ಯಯನ ಹೆಚ್ಚು ಪ್ರಸ್ತುತ. 1987ರಿಂದ 1989ರ ಅವಧಿಯಲ್ಲಿ ತೀವ್ರ ನಿಗಾ ಘಟಕದಿಂದ ಬಿಡುಗಡೆಯಾದ, 2,000 ಗ್ರಾಮಿಗಿಂತ ಕಡಿಮೆ ತೂಕದ ಶಿಶುಗಳನ್ನು ಹನ್ನೆರಡನೆಯ ವಯಸ್ಸಿನಲ್ಲಿ ಪರೀಕ್ಷಿಸಿದಾಗ, ಅವರ ಸರಾಸರಿ ಬುದ್ಧಿಮತ್ತೆ ಸಹಜ ಮಿತಿಯೊಳಗೇ ಇದ್ದರೂ, ಕಣ್ಣು-ಕೈಗಳ ಹೊಂದಾಣಿಕೆ, ಚಲನಾ ಸಾಮರ್ಥ್ಯ, ಬರವಣಿಗೆ ಮತ್ತು ಗಣಿತದಲ್ಲಿ ಹಿಂದುಳಿದಿರುವುದು ತಿಳಿದುಬಂದಿತು.

ಈ ಆಧಾರದ ಮೇಲೆ ಪ್ರಸ್ತುತ ಲೇಖನ ಮಂಡಿಸುವ ವಾದವಿದು: ಎರಡನೆಯ ವರ್ಷದ ಸಹಜ ಫಲಿತಾಂಶವನ್ನು ಚೇತರಿಕೆಯ ಪ್ರಮಾಣಪತ್ರವೆಂದು ಸ್ವೀಕರಿಸಬಾರದು, ಅವಧಿಪೂರ್ವ ಜನಿಸಿದ ಮಗು ಶಾಲೆ ಸೇರುವ ವಯಸ್ಸಿನಲ್ಲಿ ಮತ್ತೊಮ್ಮೆ ಪರೀಕ್ಷೆಗೆ ಒಳಗಾಗಬೇಕು. ಈ ವಾದಕ್ಕೆ ಮಿತಿಗಳಿವೆ. ತಾತ್ಕಾಲಿಕ ಲಕ್ಷಣ ತೋರಿದ ಅನೇಕ ಮಕ್ಕಳು ಮುಂದೆ ಯಾವ ತೊಂದರೆಯೂ ಇಲ್ಲದೆ ಬೆಳೆಯುತ್ತಾರೆ. ಆದುದರಿಂದ ಲಕ್ಷಣವೊಂದನ್ನೇ ಹಿಡಿದು ನಿರ್ದಿಷ್ಟ ಮಗುವಿನ ಭವಿಷ್ಯ ಹೇಳಲಾಗದು. ಗ್ರೋನಿಂಗೆನ್ನಿನ ಹಾಡರ್ಸ್-ಆಲ್ಗ್ರಾ ಅವರು ಸೌಮ್ಯ ನರದೋಷಗಳನ್ನು ಸರಳ ಮತ್ತು ಸಂಕೀರ್ಣ ಎಂದು ವಿಂಗಡಿಸಿ, ಹಲವು ಕ್ಷೇತ್ರಗಳಿಗೆ ಹರಡಿದ ಸಂಕೀರ್ಣ ಬಗೆಗೆ ಮಾತ್ರ ಜನನಕಾಲದ ಹಾನಿಯೊಂದಿಗೆ ಬಲವಾದ ಸಂಬಂಧವಿದೆ ಎನ್ನುವುದು ಇಲ್ಲಿ ಎಚ್ಚರಿಕೆಯ ಮಾತು. ಪುಣೆಯ ಮಕ್ಕಳನ್ನು ಆರಿಸಿದ್ದು ತೂಕದ ಆಧಾರದಲ್ಲಿ, ವಾರಗಳ ಆಧಾರದಲ್ಲಲ್ಲ. ಅವಧಿಗೆ ಮೊದಲೇ ಹುಟ್ಟಿ, ಆ ವಾರಕ್ಕೆ ಇರಬೇಕಾದ ತೂಕವೂ ಇಲ್ಲದ ಮಕ್ಕಳಲ್ಲೇ ಬುದ್ಧಿಮತ್ತೆ ಅತಿ ಕಡಿಮೆ ಇದ್ದುದರಿಂದ, ಗರ್ಭದೊಳಗಿನ ಪೋಷಣೆಯ ಕೊರತೆಯನ್ನು ಅವಧಿಪೂರ್ವತೆಯಿಂದ ಬೇರ್ಪಡಿಸುವುದು ಕಷ್ಟ. ರಕ್ತಹೀನತೆ, ಬಡತನ, ಅಂಗನವಾಡಿಗೆ ಹೋಗದಿರುವುದು ಸಹ ಕೈಬರಹವನ್ನು ಬಾಧಿಸಬಲ್ಲವು.

ಈ ಮಿತಿಗಳು ವಾದವನ್ನು ಸೌಮ್ಯಗೊಳಿಸುತ್ತವೆ, ಕೈಬಿಡುವಂತೆ ಮಾಡುವುದಿಲ್ಲ; ಏಕೆಂದರೆ ಇಲ್ಲಿ ಕೇಳುತ್ತಿರುವುದು ಮಗುವಿಗೆ ಹಣೆಪಟ್ಟಿಯನ್ನಲ್ಲ, ಮರುತಪಾಸಣೆಯನ್ನು. ಅದಕ್ಕೆ ಬೇಕಾದ ಚೌಕಟ್ಟು ಈಗಾಗಲೇ ಇದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು ಅಂಗನವಾಡಿ ಮಕ್ಕಳನ್ನು ವರ್ಷಕ್ಕೆರಡು ಬಾರಿ, ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳನ್ನು ಒಂದು ಬಾರಿ ಪರೀಕ್ಷಿಸುತ್ತದೆ. ಚಲನೆಯ ವಿಳಂಬ ಮತ್ತು ಕಲಿಕಾ ತೊಂದರೆ ಎರಡೂ ಅದರ ಪಟ್ಟಿಯಲ್ಲಿವೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು ನಿರ್ದಿಷ್ಟ ಕಲಿಕಾ ನ್ಯೂನತೆಯ ವ್ಯಾಖ್ಯೆಯಲ್ಲಿ, ಚಲನೆಯನ್ನು ಯೋಜಿಸಲಾಗದ ಸ್ಥಿತಿಯಾದ ಡಿಸ್ಪ್ರಾಕ್ಸಿಯವನ್ನೂ ಹೆಸರಿಸಿದೆ. ಕೊರತೆ ಇರುವುದು ಕೊಂಡಿಯಲ್ಲಿ: ಆರು ವರ್ಷದ ಮಗುವಿನ ಮುಂದೆ ಕುಳಿತ ತಂಡಕ್ಕೆ ಅದು ಎಷ್ಟನೆಯ ವಾರದಲ್ಲಿ ಹುಟ್ಟಿತೆಂಬುದು ತಿಳಿಯದಿದ್ದರೆ, ವಕ್ರವಾದ ಅಕ್ಷರ ಕೇವಲ ಅಲಕ್ಷ್ಯವಾಗಿ ತೋರುತ್ತದೆ. ಬಾದಾಮಿ, ಹುನಗುಂದದ ಕಡೆಯಿಂದ ಗೋವಾ, ಮಂಗಳೂರಿಗೆ ಗುಳೆ ಹೋಗುವ ಕುಟುಂಬಗಳ ಮಕ್ಕಳು ತಪಾಸಣೆಯ ದಿನ ಊರಿನಲ್ಲೇ ಇಲ್ಲದಿರುವ ಸಾಧ್ಯತೆಯೂ ಇದೆ. ಖಾಸಗಿ ಶಾಲೆಗಳ ಮಕ್ಕಳು ಈ ವ್ಯವಸ್ಥೆಯ ಹೊರಗೇ ಉಳಿಯುತ್ತಾರೆ.

ಎರಡು ಪ್ರಶ್ನೆಗಳು ತೆರೆದೇ ಉಳಿಯುತ್ತವೆ. ಪರದೇಶದಲ್ಲಿ ರೂಪುಗೊಂಡ ಚಲನಾ ಪರೀಕ್ಷೆಗಳ ಮಾನದಂಡ ಉತ್ತರ ಕರ್ನಾಟಕದ ಹಳ್ಳಿಯ ಮಗುವಿಗೆ ಎಷ್ಟು ಹೊಂದುತ್ತದೆ ಎಂಬುದು ಮೊದಲನೆಯದು. ತುಂಬಿದ ತಂಬಿಗೆಯನ್ನು ಚೆಲ್ಲದೆ ತರುವುದು, ಗೋಲಿಯನ್ನು ಗುರಿಗೆ ಹೊಡೆಯುವುದು ಮುಂತಾದ ಪರಿಚಿತ ಕೆಲಸಗಳನ್ನು ಆಧರಿಸಿದ ಅಳತೆಯನ್ನು ಅವಧಿ ತುಂಬಿ ಹುಟ್ಟಿದ ಮಕ್ಕಳೊಂದಿಗೆ ಹೋಲಿಸಿ ಸಿದ್ಧಪಡಿಸಬೇಕಾಗಿದೆ. 34ರಿಂದ 36 ವಾರಗಳಲ್ಲಿ ಹುಟ್ಟಿ, ಹೆಚ್ಚಿನ ಆರೈಕೆಯ ಅಗತ್ಯ ಬೀಳದ ಮಕ್ಕಳಿಗೂ ಇದೇ ಮರುತಪಾಸಣೆ ಬೇಕೇ ಎಂಬುದು ಎರಡನೆಯದು. ಈ ಉತ್ತರಗಳಿಗೆ ಕಾಯದೆ ಮಾಡಬಹುದಾದ ಕೆಲಸವೊಂದಿದೆ: ತಾಯಿ ಕಾರ್ಡಿನಲ್ಲಿ ಜನನದ ವಾರವನ್ನೂ ನಿಗಾ ಘಟಕದಲ್ಲಿ ಕಳೆದ ದಿನಗಳನ್ನೂ ಸ್ಪಷ್ಟವಾಗಿ ಬರೆದು, ಆ ಮಾಹಿತಿಯನ್ನು ಒಂದನೆಯ ತರಗತಿಯ ದಾಖಲಾತಿಯೊಂದಿಗೆ ಸೇರಿಸುವುದು. ಜಿಲ್ಲೆಯ ಆರೋಗ್ಯ ಮತ್ತು ಶಿಕ್ಷಣ ಇಲಾಖೆಗಳು ಒಟ್ಟಾಗಿ ಇದನ್ನು ಕೈಗೆತ್ತಿಕೊಳ್ಳಬೇಕು.