ತಲಕಾಡು: ಗಂಗರ ರಾಜಧಾನಿಗೆ ಎರಡು ದಿನದ ಪ್ರವಾಸ

ಶ್ರವಣಬೆಳಗೊಳದಲ್ಲಿ ಕ್ರಿ.ಶ. 981ರಲ್ಲಿ ಬಾಹುಬಲಿ ಮೂರ್ತಿಯನ್ನು ನಿಲ್ಲಿಸಿದ ಚಾವುಂಡರಾಯ ಗಂಗ ಅರಸರ ಮಂತ್ರಿ ಮತ್ತು ದಂಡನಾಯಕ. ಬೆಳಗೊಳಕ್ಕೆ ಮತ್ತೆ ಮತ್ತೆ ಹೋಗುವ ಕುಟುಂಬಗಳು ಸಾಕಷ್ಟಿವೆ. ಆ ಗಂಗರ ರಾಜಧಾನಿಯನ್ನು ನೋಡಲೆಂದೇ ಹೊರಡುವವರು ಕಡಿಮೆ. ಮೈಸೂರಿನಿಂದ ಸುಮಾರು 45 ಕಿ.ಮೀ. ದೂರದಲ್ಲಿ, ತಿ. ನರಸೀಪುರ ತಾಲ್ಲೂಕಿನಲ್ಲಿ, ಕಾವೇರಿಯ ಎಡದಂಡೆಯ ಮೇಲೆ ತಲಕಾಡು ಇದೆ.

ಹೊರಡುವ ಮೊದಲು ಒಂದು ವಿಷಯ ಗೊತ್ತಿರಬೇಕು. ತಲಕಾಡಿನಲ್ಲಿ ಇಂದು ಕಾಣುವ ಮುಖ್ಯ ದೇಗುಲಗಳೆಲ್ಲ ಶೈವ ಮತ್ತು ವೈಷ್ಣವ ದೇಗುಲಗಳು. ಗಂಗರ ಊರೆಂದು ದೊಡ್ಡ ಬಸದಿಯನ್ನು ನಿರೀಕ್ಷಿಸಿ ಹೋದವರಿಗೆ ನಿರಾಸೆಯಾಗುತ್ತದೆ. ಅರ್ಧ ದಿನದಲ್ಲಿ ತಲಕಾಡು ಮಾತ್ರ ನೋಡಿ ಬರುವುದಕ್ಕಿಂತ, ಚಾಮರಾಜನಗರ ಮತ್ತು ಕನಕಗಿರಿಯನ್ನು ಸೇರಿಸಿ ಎರಡು ದಿನ ಇಟ್ಟುಕೊಳ್ಳುವುದು ಮೇಲು. ಮೂರೂ ಸೇರಿದರೆ ಕಥೆ ಪೂರ್ತಿಯಾಗುತ್ತದೆ.

ಗಂಗರು ಮೊದಲು ಕೋಲಾರದಿಂದ, ಆಮೇಲೆ ತಲಕಾಡಿನಿಂದ ಆಳಿದರು. 1004ರ ಸುಮಾರಿಗೆ ಊರು ಚೋಳರ ವಶವಾಯಿತು. ನೂರಕ್ಕೂ ಹೆಚ್ಚು ವರ್ಷಗಳ ನಂತರ ಹೊಯ್ಸಳ ವಿಷ್ಣುವರ್ಧನನಿಗಾಗಿ ಅದನ್ನು ಗೆದ್ದುಕೊಟ್ಟವನು ಗಂಗರಾಜ, ನಿಷ್ಠಾವಂತ ಜೈನ. ಅರಸನಿಗೆ 'ತಲಕಾಡುಗೊಂಡ' ಎಂಬ ಬಿರುದು ಬಂತು, ಊರಿನಲ್ಲಿ ಕೀರ್ತಿನಾರಾಯಣ ದೇಗುಲ ಎದ್ದಿತು. ಗಂಗರಾಜನಾದರೋ ಗಂಗವಾಡಿಯ ಬಸದಿಗಳ ಜೀರ್ಣೋದ್ಧಾರಕ್ಕೆ ಕೈಹಾಕಿದ. ಬೆಳಗೊಳದಲ್ಲಿ ಗೊಮ್ಮಟನ ಸುತ್ತಲಿನ ಸುತ್ತಾಲಯ ಅವನು ಕಟ್ಟಿಸಿದ್ದು.

ಅದೇ ಅರಸನ ಇನ್ನೊಬ್ಬ ಜೈನ ದಂಡನಾಯಕ ಪುಣಿಸಮಯ್ಯ. ಅವನನ್ನು ಕಾಣಬೇಕಾದರೆ ಚಾಮರಾಜನಗರದ ಪಾರ್ಶ್ವನಾಥ ಬಸದಿಗೆ ಹೋಗಬೇಕು. ಊರಿಗೆ ಈಗಿನ ಹೆಸರು ಬಂದದ್ದು 1818ರಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರ್ ತಮ್ಮ ತಂದೆಯ ನೆನಪಿಗೆ ಇಟ್ಟಾಗ. ಹಳೆಯ ಹೆಸರು ಅರಿಕುಠಾರ. ಇಲ್ಲಿಯ 1117ರ ಶಾಸನ ಪುಣಿಸಮಯ್ಯ ತ್ರಿಕೂಟ ಬಸದಿ ಕಟ್ಟಿಸಿದ್ದನ್ನು ಹೇಳುತ್ತದೆ. ಅವನು ತೋದರನ್ನು ಬೆದರಿಸಿ ನೀಲಗಿರಿಯನ್ನು ವಶಮಾಡಿಕೊಂಡದ್ದನ್ನೂ ಹೇಳುತ್ತದೆ. ನೀಲಗಿರಿ ಮತ್ತು ಅಲ್ಲಿನ ತೋದರ ಬಗ್ಗೆ ಸಿಗುವ ಬಹಳ ಹಳೆಯ ಉಲ್ಲೇಖಗಳಲ್ಲಿ ಇದು ಒಂದು. ಪೂಜೆ ಮುಗಿಸಿ ಬೇಗ ಹೊರಟುಬಿಡದೆ, ಮಕ್ಕಳಿಗೆ ಈ ಕಥೆ ಹೇಳುವಷ್ಟು ಹೊತ್ತು ನಿಲ್ಲಬೇಕಾದ ಜಾಗ.

ಚಾಮರಾಜನಗರ ತಾಲ್ಲೂಕಿನ ಮಲೆಯೂರಿನ ಕನಕಗಿರಿ, ಪೂಜ್ಯಪಾದ ಆಚಾರ್ಯರ ಹೆಸರಿನೊಂದಿಗೆ ಸೇರಿಕೊಂಡಿರುವ ಕ್ಷೇತ್ರ. 'ಸರ್ವಾರ್ಥಸಿದ್ಧಿ' ಮತ್ತು 'ಜೈನೇಂದ್ರ ವ್ಯಾಕರಣ' ಬರೆದ ಇವರನ್ನು ಪರಂಪರೆ ಗಂಗ ದುರ್ವಿನೀತನ ಗುರುವೆಂದು ಹೇಳುತ್ತದೆ. 'ರಾಜಾವಳಿ ಕಥೆ' ಬರೆದ ದೇವಚಂದ್ರನೂ ಇದೇ ಊರಿನವನು. ಬೆಟ್ಟದ ಮೇಲೆ ಪಾರ್ಶ್ವನಾಥ ಬಸದಿ ಇದೆ. ಮೊದಲ ದಿನದ ರಾತ್ರಿ ಇಲ್ಲಿ ತಂಗುವಂತೆ ಯೋಜಿಸಿ, ವಸತಿ ಮತ್ತು ಊಟದ ವಿಚಾರವನ್ನು ಮಠದ ಕಚೇರಿಗೆ ಮೊದಲೇ ಫೋನ್ ಮಾಡಿ ಕೇಳಿಕೊಳ್ಳುವುದು ಒಳ್ಳೆಯದು. ಮೊಬೈಲ್ ನಕ್ಷೆಯಲ್ಲಿ ಬರೀ 'ಕನಕಗಿರಿ' ಎಂದು ಹುಡುಕಿದರೆ ಕೊಪ್ಪಳ ಜಿಲ್ಲೆಯ ಕನಕಗಿರಿಗೆ ದಾರಿ ತೋರಿಸೀತು. 'ಮಲೆಯೂರು' ಎಂದೂ ಸೇರಿಸಿ.

ಮದ್ದೂರಿನ ವಿಷಯದಲ್ಲೂ ಇದೇ ಎಚ್ಚರ ಬೇಕು. ವಯನಾಡಿನ ಕನ್ನಡ ಮಾತಾಡುವ ಜೈನ ಕುಟುಂಬಗಳು ಸುಲ್ತಾನ್ ಬತ್ತೇರಿಯಿಂದ ಬರುವಾಗ ದಾಟುವುದು ಗುಂಡ್ಲುಪೇಟೆ ತಾಲ್ಲೂಕಿನ ಮದ್ದೂರು ಚೆಕ್‌ಪೋಸ್ಟ್ ಅನ್ನು; ಮಂಡ್ಯ ಜಿಲ್ಲೆಯ ಮದ್ದೂರು ಬೇರೆ. ಬಂಡೀಪುರ ಕಾಡಿನ ಈ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿಷೇಧವಿದೆ. ಪ್ರವಾಸದ ವೇಳಾಪಟ್ಟಿ ನಿಂತಿರುವುದೇ ಇದರ ಮೇಲೆ. ಬೆಳಿಗ್ಗೆ ಗೇಟು ತೆರೆದ ಕೂಡಲೇ ಹೊರಟರೆ ಗುಂಡ್ಲುಪೇಟೆ, ತೆರಕಣಾಂಬಿ ದಾಟಿ, ಬಿಸಿಲೇರುವ ಮೊದಲೇ ಚಾಮರಾಜನಗರ ಸೇರಬಹುದು. ಮಧ್ಯಾಹ್ನ ಕನಕಗಿರಿ. ಮರುದಿನ ನಂಜನಗೂಡು, ತಿ. ನರಸೀಪುರದ ಮೂಲಕ ತಲಕಾಡು. ಹಿಂದಿರುಗುವಾಗ ಮಧ್ಯಾಹ್ನ ಮೂರಕ್ಕೆಲ್ಲ ತಲಕಾಡು ಬಿಡಬೇಕು. ಆಗ ಚಾಮರಾಜನಗರದಲ್ಲಿ ಸೂರ್ಯಾಸ್ತಕ್ಕೆ ಮೊದಲು ಊಟ ಮುಗಿಸಿಯೂ ಹೊತ್ತಿಗೆ ಸರಿಯಾಗಿ ಮದ್ದೂರು ಮುಟ್ಟಬಹುದು. ಕಾಡಿನ ನಡುವೆ ಗಾಡಿ ನಿಲ್ಲಿಸಿ ಬುತ್ತಿ ಬಿಚ್ಚುವ ಹಾಗಿಲ್ಲ.

ಉತ್ತರ ಕರ್ನಾಟಕದವರಿಗೆ ಮೈಸೂರಿನವರೆಗೆ ರೈಲು, ಅಲ್ಲಿಂದ ಬಾಡಿಗೆ ಗಾಡಿ ಅನುಕೂಲ. ಮೈಸೂರಿನಿಂದ ಚಾಮರಾಜನಗರಕ್ಕೂ ರೈಲುಮಾರ್ಗವಿದೆ. ಬೆಂಗಳೂರಿನವರು ಕನಕಪುರ, ಮಳವಳ್ಳಿ ದಾರಿಯಲ್ಲಿ ಬಂದು ಮೊದಲು ತಲಕಾಡು ನೋಡಿದರೆ ಸುತ್ತು ತಪ್ಪುತ್ತದೆ.

ತಲಕಾಡಿಗೆ ಬೆಳಗಿನ ಹೊತ್ತೇ ಸರಿ. ದೇಗುಲಗಳ ನಡುವೆ ಮರಳಿನಲ್ಲಿ ನಡೆಯಬೇಕು. ಬಿಸಿಲಿಗೆ ಮರಳು ಕಾಯುತ್ತದೆ, ಮಂಡಿನೋವಿನ ಹಿರಿಯರಿಗೆ ಕಾಲು ಹೂತು ಕಷ್ಟವಾಗುತ್ತದೆ. ಅಂಥವರು ವೈದ್ಯೇಶ್ವರ, ಕೀರ್ತಿನಾರಾಯಣ ದೇಗುಲಗಳನ್ನಷ್ಟೇ ನೋಡಿ ನೆರಳಲ್ಲಿ ಕೂತರೂ ನಷ್ಟವಿಲ್ಲ. ಮರಳು ಬಂದದ್ದು ಅಲಮೇಲಮ್ಮನ ಶಾಪದಿಂದ ಎಂದು ಸ್ಥಳೀಯರು ಹೇಳುತ್ತಾರೆ. ನದಿಯ ತಿರುವು, ಅಣೆಕಟ್ಟೆಯಿಂದಾಗಿ ಬಯಲಾದ ಮರಳು ಮತ್ತು ಗಾಳಿ ಇದಕ್ಕೆ ಕಾರಣ ಎಂಬುದು ವಿದ್ವಾಂಸರ ವಿವರಣೆ. ಮಕ್ಕಳಿಗೆ ಎರಡನ್ನೂ ಹೇಳಬಹುದು. ಪಂಚಲಿಂಗ ದರ್ಶನ ನಡೆಯುವ ವರ್ಷ ಕಾರ್ತಿಕದಲ್ಲಿ ಜನಸಾಗರ ಸೇರುತ್ತದೆ. ಇತಿಹಾಸ ನೋಡಲು ಬರುವವರು ಆ ದಿನಗಳನ್ನು ಬಿಡುವುದು ವಾಸಿ.

ಹೊಳೆಯ ಬಗ್ಗೆ ಮಾತ್ರ ಯಾರ ಮಾತಿಗೂ ಮಣಿಯಬಾರದು. ಕಾವೇರಿ ಇಲ್ಲಿ ಅಗಲವಾಗಿ, ಶಾಂತವಾಗಿ ಕಾಣುತ್ತದೆ. ಮೊಣಕಾಲುದ್ದದ ನೀರಿನ ಮುಂದಿನ ಹೆಜ್ಜೆಯಲ್ಲೇ ಮರಳಿನ ಗುಂಡಿಯೋ ಸುಳಿಯೋ ಇರಬಹುದು. ಈಜು ಬಲ್ಲವರೂ ಇಲ್ಲಿ ಮುಳುಗಿದ್ದಾರೆ. ಮಕ್ಕಳು ನೀರಿಗಿಳಿಯುವಂತಿಲ್ಲ ಎಂದು ಗಾಡಿಯಿಂದ ಇಳಿಯುವ ಮೊದಲೇ ಹೇಳಿ, ಒಬ್ಬ ಹಿರಿಯರು ಅವರ ಜೊತೆಯಲ್ಲೇ ಇರಬೇಕು.

ರಾತ್ರಿ ಭೋಜನ ಬಿಟ್ಟವರು, ಗಡ್ಡೆ ತಿನ್ನದವರು ಎರಡನೆಯ ದಿನದ ಬುತ್ತಿಯನ್ನು ಕನಕಗಿರಿಯಿಂದಲೇ ಕಟ್ಟಿಕೊಳ್ಳಲಿ. ಸೋಸಿದ ನೀರನ್ನೂ ಅಲ್ಲಿಯೇ ತುಂಬಿಕೊಳ್ಳಲಿ. ತಲಕಾಡಿನ ಹೋಟೆಲುಗಳಲ್ಲಿ ಈರುಳ್ಳಿ, ಆಲೂಗಡ್ಡೆ ಇಲ್ಲದ ಸಾರು ಪಲ್ಯ ಸಿಗುತ್ತದೆ ಎಂದು ನಂಬಿ ಹೋಗುವಂತಿಲ್ಲ.