ಗಾಯಕ್ಕೆ ಕಾರಣ ಬರೆಯುವವರು: ಹಾಸನದ ಮಲೆನಾಡಿನಿಂದ ಕಂಡ ಯುದ್ಧಗಾಯ ಪಿಂಚಣಿಯ ಚರಿತ್ರೆ

ಸಕಲೇಶಪುರ–ಆಲೂರು ಸೀಮೆಯ ಇಬ್ಬರು ಸಿಪಾಯಿಗಳು ಒಂದೇ ಸಂಬಳದಲ್ಲಿದ್ದು, ಇಬ್ಬರೂ ಕಾಲಿಗೆ ಪೆಟ್ಟು ತಿಂದು, ‘ಮೆಡಿಕಲ್ ಬೋರ್ಡ್ ಔಟ್’ ಆಗಿ ಊರಿಗೆ ಮರಳಿದರು ಎಂದಿಟ್ಟುಕೊಳ್ಳೋಣ. ಇಬ್ಬರ ಅಂಗವೈಕಲ್ಯವೂ ಶೇ. 60. ಒಬ್ಬನಿಗೆ ಗಡಿಯಲ್ಲಿ ನೆಲಬಾಂಬು ಸಿಡಿದಿತ್ತು, ಇನ್ನೊಬ್ಬ ಕರ್ತವ್ಯದ ಮೇಲೆ ಹೋಗುತ್ತಿದ್ದ ಲಾರಿ ಮಗುಚಿತ್ತು. ನಿಯಮದ ಪ್ರಕಾರ ಇಬ್ಬರ ಶೇ. 60ನ್ನೂ ಶೇ. 75ಕ್ಕೆ ಏರಿಸಿ ಲೆಕ್ಕ ಹಾಕುತ್ತಾರೆ. ಕೊನೆಯ ವೇತನ ತಿಂಗಳಿಗೆ 40,000 ರೂಪಾಯಿ ಎಂದರೆ ಸೇವಾಂಶವಾಗಿ ಇಬ್ಬರಿಗೂ 20,000 ಸಿಗುತ್ತದೆ. ಅದರ ಮೇಲೆ ಲಾರಿಯಲ್ಲಿ ಬಿದ್ದವನಿಗೆ ಅಂಗವೈಕಲ್ಯಾಂಶವಾಗಿ 9,000, ನೆಲಬಾಂಬಿಗೆ ಸಿಕ್ಕವನಿಗೆ ಯುದ್ಧಗಾಯಾಂಶವಾಗಿ 30,000. ಗಾಯದ ಪ್ರಮಾಣ ಒಂದೇ ಆದರೂ ಇಷ್ಟು ಅಂತರ ಹುಟ್ಟುವುದು ದಾಖಲೆಯಲ್ಲಿ ಬರೆದ ಕಾರಣದಿಂದ.

ಆ ಕಾರಣವನ್ನು ಯಾರು ಬರೆಯುತ್ತಾರೆ, ಯಾರ ಎದುರು ಬರೆಯುತ್ತಾರೆ, ಒಪ್ಪದಿದ್ದರೆ ಎಲ್ಲಿ ಪ್ರಶ್ನಿಸಬಹುದು ಎಂಬುದು ಈ ಲೇಖನದ ವಿಚಾರ. ಯುದ್ಧಕ್ಕೂ ಸವಲತ್ತಿಗೂ ಇರುವ ನಂಟು ಹಳೆಯದು. ಕಾಲಕಾಲಕ್ಕೆ ಬದಲಾದದ್ದು ಆ ನಂಟನ್ನು ದೃಢಪಡಿಸುವ ಅಧಿಕಾರ. ಅರಸನ ಕೈಯಲ್ಲಿದ್ದ ಅದು ವೈದ್ಯಕೀಯ ಮಂಡಳಿಗೆ ಸರಿದು, ಈಗ ನ್ಯಾಯಪೀಠದ ಪರಿಶೀಲನೆಗೂ ಒಳಪಟ್ಟಿದೆ ಎಂಬುದು ಇಲ್ಲಿನ ವಾದ.

ಶಾಸನಕಾಲದ ಮೂರು ನಿದರ್ಶನಗಳು

ಹಾಸನ ಜಿಲ್ಲೆಯ ಶಾಸನಗಳನ್ನು ಬಿ.ಎಲ್. ರೈಸ್ 1902ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ ಐದನೆಯ ಸಂಪುಟವಾಗಿ ಪ್ರಕಟಿಸಿದಾಗ ಇಂದಿನ ಸಕಲೇಶಪುರ ತಾಲ್ಲೂಕು ಮಂಜರಾಬಾದ್ ಎಂಬ ಹೆಸರಿನಲ್ಲಿತ್ತು. ಈ ವಿಷಯಕ್ಕೆ ಮುಖ್ಯವಾದ ಶಾಸನ ಮಾತ್ರ ರೈಸ್ ಅವರ ಕಣ್ಣಿಗೆ ಬೀಳಲಿಲ್ಲ. ನೆರೆಯ ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ಅದನ್ನು 1936ರಲ್ಲಿ ಬೆಳಕಿಗೆ ತಂದವರು ಮೈಸೂರು ಪುರಾತತ್ವ ಇಲಾಖೆಯ ಎಂ.ಎಚ್. ಕೃಷ್ಣ. ಬಹುಕಾಲ ಕನ್ನಡದ ಮೊದಲ ಶಾಸನವೆಂದೇ ಹೆಸರಾದ, ಸುಮಾರು ಕ್ರಿ.ಶ. 450ರ ಈ ಹದಿನಾರು ಸಾಲುಗಳ ಬರಹ ಭಾಷೆಯ ಕಾರಣಕ್ಕೆ ಪ್ರಸಿದ್ಧ. ಒಳಗಿರುವ ವಿಷಯದ ಮಟ್ಟಿಗೆ ಅದು ಯುದ್ಧಸೇವೆಗೆ ಕೊಟ್ಟ ಸವಲತ್ತಿನ ಆದೇಶಪತ್ರ. ಕೇಕಯ–ಪಲ್ಲವರನ್ನು ಎದುರಿಸಿ ಕಾದಿದ ವಿಜಅರಸನಿಗೆ ಹಲ್ಮಿಡಿ, ಮೂಳಿವಳ್ಳಿ ಎಂಬ ಎರಡು ಊರುಗಳನ್ನು ಬಾಳ್ಗಳ್ಚು, ಅಂದರೆ ಕತ್ತಿ ತೊಳೆದ ಗೌರವದ ದತ್ತಿಯಾಗಿ ಕೊಟ್ಟರೆಂದು ಅದು ಸಾರುತ್ತದೆ. ಯಾವ ಕಾಳಗ, ಯಾರ ಎದುರು, ಕೊಟ್ಟದ್ದು ಏನು, ಕೆಡಿಸಿದವರಿಗೆ ಯಾವ ಪಾಪ ಎಂಬುದೆಲ್ಲ ಒಂದೇ ಕಲ್ಲಿನಲ್ಲಿದೆ.

ಐದು ಶತಮಾನದ ಬಳಿಕವೂ ಇದೇ ರೀತಿ ನಡೆದು ಬಂದಿತ್ತು. ಈಗಿನ ಮಂಡ್ಯ ಜಿಲ್ಲೆಯ ಆತಕೂರಿನ ಶಾಸನದಲ್ಲಿ (ಕ್ರಿ.ಶ. 949–50) ತಕ್ಕೋಲದ ಕಾಳಗದಲ್ಲಿ ಮೆರೆದ ಮಣಲೇರನಿಗೆ ಗಂಗರ ಬೂತುಗ ಆತಕೂರು ಹನ್ನೆರಡನ್ನೂ ಬೆಳ್ವೊಲದ ಕೋಟೆಯೂರನ್ನೂ ಬಾಳ್ಗಚ್ಚಾಗಿ ಕೊಟ್ಟ. ಕಾಳಗದಲ್ಲಿ ಮಡಿದವನ ಲೆಕ್ಕ ಬೇರೆ. ಬೆಂಗಳೂರಿನ ಬೇಗೂರು ಶಾಸನದ ನಾಗತ್ತರ ರಣದಲ್ಲಿ ಬಿದ್ದಾಗ, ಗಂಗರ ಎರೆಯಪ್ಪ ಇರುಗನೆಂಬವನಿಗೆ ನಾಗತ್ತರ ಪಟ್ಟ ಕಟ್ಟಿ ಬೇಗೂರು ಹನ್ನೆರಡನ್ನು ಕಲ್ನಾಡಾಗಿ, ಅಂದರೆ ವೀರನಿಗೆ ಸಲ್ಲುವ ದತ್ತಿಯಾಗಿ ಕೊಟ್ಟ. ಮುಂದಿನ ಶತಮಾನಗಳ ನೆತ್ತರುಗೊಡಗೆಯೂ ಸತ್ತವನ ಮನೆಯವರಿಗೆ ಸಲ್ಲುವ ಭೂಮಿಯೇ.

ಈ ಮೂರು ಶಾಸನಗಳಲ್ಲಿ ಗೆದ್ದು ಬಂದವನಿದ್ದಾನೆ, ಬಿದ್ದವನಿದ್ದಾನೆ. ಕೈಕಾಲು ಕಳೆದುಕೊಂಡು ಬದುಕಿದವನಿಗೆ ಬೇರೆಯೇ ಒಂದು ವರ್ಗ ಇವುಗಳಲ್ಲಿ ಇಲ್ಲ. ದತ್ತಿಯ ಅಳತೆಗೋಲು ಪರಾಕ್ರಮವೇ ಹೊರತು ದೇಹಕ್ಕಾದ ನಷ್ಟವಲ್ಲ. ದೇಹದ ನಷ್ಟವನ್ನು ಶೇಕಡಾವಾರು ಅಳೆದು ತಿಂಗಳ ಹಣಕ್ಕೆ ಜೋಡಿಸಿದ್ದು ಆಧುನಿಕ ಸೇನಾಡಳಿತ.

ಸಂಸ್ಥಾನದಿಂದ ಗಣರಾಜ್ಯಕ್ಕೆ

1892ರಲ್ಲಿ ಕಟ್ಟಿದ ಮೈಸೂರು ಇಂಪೀರಿಯಲ್ ಸರ್ವಿಸ್ ಲ್ಯಾನ್ಸರ್ಸ್ ಮೊದಲ ಮಹಾಯುದ್ಧದಲ್ಲಿ ಈಜಿಪ್ಟಿಗೆ ಹೋಗಿ, 1918ರ ಸೆಪ್ಟೆಂಬರ್ 23ರಂದು ಹೈಫಾ ನಗರ ಹಿಡಿದ ದಾಳಿಯಲ್ಲಿ ಜೋಧಪುರದ ಸವಾರರ ಜೊತೆಗಿತ್ತು. ಸ್ವಾತಂತ್ರ್ಯದ ಬಳಿಕ ಸಂಸ್ಥಾನದ ಪಡೆಗಳು ಭಾರತೀಯ ಸೇನೆಯಲ್ಲಿ ಸೇರಿದವು. ಮೈಸೂರು ಇನ್‌ಫೆಂಟ್ರಿ ಮದ್ರಾಸ್ ರೆಜಿಮೆಂಟಿನ 18ನೆಯ ಬೆಟಾಲಿಯನ್ ಆಯಿತು, ಸವಾರರು 61ನೆಯ ಕ್ಯಾವಲ್ರಿಗೆ ಹೋದರು. ಅಲ್ಲಿಂದಾಚೆಗೆ ಮಲೆನಾಡಿನ ಸೈನಿಕನ ಪಿಂಚಣಿ ಮೈಸೂರಿನ ಅರಮನೆಗಲ್ಲ, ಅಲಹಾಬಾದಿನ ರಕ್ಷಣಾ ಲೆಕ್ಕಪತ್ರ ಕಚೇರಿಗೆ ಸೇರಿದ ವಿಷಯವಾಯಿತು.

ಮೊದಲ ಮಹಾಯುದ್ಧದ ನಡುವೆ ಬ್ರಿಟನ್ನಿನ ಪಿಂಚಣಿ ಆದೇಶಗಳು ಒಂದು ಸೂತ್ರವನ್ನು ನೆಲೆಗೊಳಿಸಿದ್ದವು. ಅಂಗವೈಕಲ್ಯ ಸೇವೆಯಿಂದ ಉಂಟಾಗಿರಬೇಕು, ಇಲ್ಲವೇ ಸೇವೆಯಿಂದ ಉಲ್ಬಣಗೊಂಡಿರಬೇಕು. ಭಾರತದ 1961ರ ಸೇನಾ ಪಿಂಚಣಿ ನಿಯಮಾವಳಿಯ 173ನೆಯ ನಿಯಮ ಇದೇ ಸೂತ್ರದ ಮೇಲೆ ನಿಂತಿತು. ಅಂಗವೈಕಲ್ಯ ಶೇ. 20ಕ್ಕಿಂತ ಕಡಿಮೆ ಇರಬಾರದು ಎಂಬ ಷರತ್ತೂ ಅದರಲ್ಲಿತ್ತು.

1982ರ ಅರ್ಹತಾ ನಿಯಮಗಳು ಸೈನಿಕನ ಪರ ಎರಡು ಮುಖ್ಯ ಆಧಾರಗಳನ್ನು ಕೊಟ್ಟವು. ಸೇರುವಾಗ ದಾಖಲಾಗದ ಕಾಯಿಲೆ ಆಗ ಇರಲಿಲ್ಲವೆಂದೇ ತಿಳಿಯಬೇಕು. ಸಂದೇಹ ಬಂದರೆ ಅದರ ಲಾಭ ಅರ್ಜಿದಾರನಿಗೆ ಸಲ್ಲಬೇಕು, ಕಾರಣವನ್ನು ರುಜುವಾತುಪಡಿಸುವ ಹೊರೆಯನ್ನು ಅವನ ಮೇಲೆ ಹಾಕಬಾರದು. ಕಾಗದದ ಮೇಲಿನ ಈ ಉದಾರತೆಯನ್ನು ವೈದ್ಯಕೀಯ ಮಂಡಳಿಯ ಒಂದೇ ಸಾಲು ಹುಸಿ ಮಾಡಬಹುದಿತ್ತು. ಕಾಯಿಲೆ ‘ದೇಹಪ್ರಕೃತಿಯದು, ಸೇವೆಗೆ ಸಂಬಂಧಿಸಿದ್ದಲ್ಲ’ ಎಂದು ಬರೆದರೆ ಸಾಕಿತ್ತು. ಏಕೆ ಸಂಬಂಧಿಸಿದ್ದಲ್ಲ ಎಂಬ ವಿವರಣೆ ಎಷ್ಟೋ ಕಡತಗಳಲ್ಲಿ ಇರುತ್ತಿರಲಿಲ್ಲ.

ಐದು ವರ್ಗಗಳು

ಐದನೆಯ ವೇತನ ಆಯೋಗದ ಶಿಫಾರಸಿನ ಮೇಲೆ ರಕ್ಷಣಾ ಸಚಿವಾಲಯ 2001ರ ಜನವರಿ 31ರಂದು ಹೊರಡಿಸಿದ ಪತ್ರ ಸಾವು ಮತ್ತು ಅಂಗವೈಕಲ್ಯಗಳನ್ನು ಎ ಇಂದ ಇ ವರೆಗೆ ಐದು ವರ್ಗಗಳಾಗಿ ಹಂಚಿತು. ಎ ವರ್ಗದ್ದು ಸೇವೆಗೆ ಸಂಬಂಧಿಸದ ಸಹಜ ಕಾರಣ, ಬಿ ಸೇವೆಯಿಂದ ಬಂದ ಕಾಯಿಲೆ, ಸಿ ಕರ್ತವ್ಯದ ವೇಳೆಯ ಅಪಘಾತ, ಡಿ ಭಯೋತ್ಪಾದಕರು ಮತ್ತು ಸಮಾಜಘಾತುಕರ ಹಿಂಸೆ. ಇ ವರ್ಗದಲ್ಲಿ ಶತ್ರುವಿನ ದಾಳಿ, ಗಡಿ ಚಕಮಕಿ, ಹೊರದೇಶದ ಶಾಂತಿಪಾಲನೆ, ನೆಲಬಾಂಬು ಹೂಳುವುದು–ತೆಗೆಯುವುದು, ಜೀವಂತ ಮದ್ದುಗುಂಡಿನ ರಣಾಭ್ಯಾಸ, ಸರ್ಕಾರ ಅಧಿಸೂಚಿಸಿದ ವಿಶೇಷ ಕಾರ್ಯಾಚರಣೆಗಳು ಸೇರುತ್ತವೆ. ಯುದ್ಧಗಾಯ ಪಿಂಚಣಿ ಸಿಗುವುದು ಇ ವರ್ಗಕ್ಕೆ. ಶೇ. 100 ಅಂಗವೈಕಲ್ಯವಿದ್ದು ಸೇವೆಯಿಂದ ಬಿಡಿಸಲ್ಪಟ್ಟವನಿಗೆ ಯುದ್ಧಗಾಯಾಂಶ ಕೊನೆಯ ವೇತನದಷ್ಟೇ ಇರುತ್ತದೆ, ಸಾಮಾನ್ಯ ಅಂಗವೈಕಲ್ಯಾಂಶ ಅದರ ಶೇ. 30. ಅಂಗವೈಕಲ್ಯವನ್ನು 50, 75, 100 ಎಂಬ ಮೂರು ಮೆಟ್ಟಿಲಿಗೆ ಏರಿಸುವ ಪದ್ಧತಿಯೂ ಇದೇ ಪತ್ರದ್ದು.

ಹೊರದೇಶದ ಒಂದು ಹೋಲಿಕೆ ಇಲ್ಲಿ ಉಪಯುಕ್ತ. ಅಮೆರಿಕ 2003ರಿಂದ ಕೊಡುತ್ತಿರುವ ಯುದ್ಧಸಂಬಂಧಿ ವಿಶೇಷ ಪರಿಹಾರ ನಾಲ್ಕು ಕಾರಣಗಳನ್ನು ಗುರುತಿಸುತ್ತದೆ: ಸಶಸ್ತ್ರ ಸಂಘರ್ಷ, ಅಪಾಯಕಾರಿ ಕರ್ತವ್ಯ, ಯುದ್ಧವನ್ನು ಹೋಲುವ ತರಬೇತಿ, ಯುದ್ಧಸಾಧನದಿಂದಾದ ಹಾನಿ. ಇಪ್ಪತ್ತು ವರ್ಷ ತುಂಬುವ ಮೊದಲೇ ವೈದ್ಯಕೀಯ ಕಾರಣಕ್ಕೆ ನಿವೃತ್ತರಾದವರಿಗೆ ಅದರ ಬಾಗಿಲು ತೆರೆದದ್ದು 2008ರಲ್ಲಿ. ರಣರಂಗದಾಚೆಗೂ ‘ಯುದ್ಧ’ ಚಾಚುತ್ತದೆ ಎಂಬುದನ್ನು ಎರಡೂ ದೇಶಗಳು ಒಪ್ಪಿವೆ. ಎಷ್ಟು ದೂರ ಚಾಚುತ್ತದೆ ಎಂಬಲ್ಲಿ ಜಗಳ ಹುಟ್ಟುತ್ತದೆ.

ಈ ಜಗಳ ಹವಾಮಾನದ ವಿಷಯದಲ್ಲೂ ಎದ್ದಿದೆ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನ ಸೋನಮ್ ಠಾಣೆಯ ಮೇಲೆ ಹಿಮಕುಸಿತವಾದಾಗ ಮದ್ರಾಸ್ ರೆಜಿಮೆಂಟಿನ 19ನೆಯ ಬೆಟಾಲಿಯನ್ನಿನ ಹತ್ತು ಮಂದಿ ತೀರಿಕೊಂಡರು. ಅವರಲ್ಲಿ ಹಾಸನ ತಾಲ್ಲೂಕಿನ ತೇಜೂರಿನ ಸುಬೇದಾರ್ ನಾಗೇಶ ಅವರೂ ಇದ್ದರು. ಅಲ್ಲಿ ಶತ್ರುವಿನ ಗುಂಡು ಹಾರಿರಲಿಲ್ಲ. ಆ ಎತ್ತರದಲ್ಲಿ ಠಾಣೆ ಕಾಯುವುದೇ ಕಾರ್ಯಾಚರಣೆ. ನಿಯಂತ್ರಣ ರೇಖೆಯ ಬಳಿ ಗಸ್ತಿನಲ್ಲಿದ್ದಾಗ ವಿಪರೀತ ಹವಾಮಾನದಲ್ಲಿ ಹೃದಯ ನಿಂತು ಸತ್ತ ಇನ್ನೊಬ್ಬ ಸೈನಿಕನ ಪತ್ನಿಗೆ, ಯುದ್ಧಸಾವಿಗೆ ಕೊಡುವ ಉದಾರೀಕೃತ ಕುಟುಂಬ ಪಿಂಚಣಿ ಸಲ್ಲಬೇಕೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ತೀರ್ಪು ಕೊಟ್ಟು, ಮೇಲ್ಮನವಿ ಹಾಕಿದ ಕೇಂದ್ರ ಸರ್ಕಾರಕ್ಕೆ 50,000 ರೂಪಾಯಿ ದಂಡ ವಿಧಿಸಿತು.

ನ್ಯಾಯಪೀಠದ ಪ್ರವೇಶ

ಅಂಗವೈಕಲ್ಯದ ವಿಷಯದಲ್ಲಿ ದಿಕ್ಕು ಬದಲಿಸಿದ್ದು 2013ರ ಜುಲೈನಲ್ಲಿ ಬಂದ ಧರಮ್‌ವೀರ್ ಸಿಂಗ್ ತೀರ್ಪು. ಒಂಬತ್ತು ವರ್ಷ ಸೇವೆ ಮಾಡಿ ಅಪಸ್ಮಾರದ ಕಾರಣಕ್ಕೆ ಹೊರಬಿದ್ದ ಸೈನಿಕನ ಪ್ರಕರಣವದು. ಸೇರುವಾಗ ಇರದ ಕಾಯಿಲೆ ಸೇವೆಯಲ್ಲಿ ಬಂದದ್ದೆಂದೇ ತಿಳಿಯಬೇಕು, ಅಲ್ಲವೆನ್ನುವ ಮಂಡಳಿ ಅದಕ್ಕೆ ಕಾರಣ ಬರೆಯಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿತು. ಇದು ಹೊಸ ಹಕ್ಕೇನಲ್ಲ, 1982ರ ನಿಯಮಕ್ಕೇ ಮತ್ತೆ ಜೀವ ತುಂಬಿದ ಕೆಲಸ. 2014ರ ಡಿಸೆಂಬರ್‌ನ ರಾಮ್ ಅವತಾರ್ ತೀರ್ಪು, ಅವಧಿ ಮುಗಿಸಿ ನಿವೃತ್ತರಾದವರಿಗೂ 50–75–100ರ ಮೆಟ್ಟಿಲು ಸಲ್ಲುತ್ತದೆ ಎಂದಿತು.

2023ರ ಸೆಪ್ಟೆಂಬರ್ 21ರಿಂದ ಹೊಸ ಅರ್ಹತಾ ನಿಯಮಗಳು ಜಾರಿಗೆ ಬಂದಿವೆ. ಮಾಜಿ ಸೈನಿಕರ ಸಂಘಟನೆಗಳು ಇವು ಹಳೆಯ ಉದಾರತೆಯನ್ನು ಮೊಟಕುಗೊಳಿಸುತ್ತವೆ ಎಂದು ಆಕ್ಷೇಪಿಸಿವೆ. ದುರುಪಯೋಗ ತಡೆಯಲು ನಿಯಮ ಬಿಗಿಯಾಗಬೇಕು ಎಂಬುದು ಸರ್ಕಾರದ ಸಮರ್ಥನೆ. ಹೊಸ ನಿಯಮಗಳ ಕೆಳಗೂ ಕಾರಣ ಬರೆಯುವ ಕೈ ವೈದ್ಯಕೀಯ ಮಂಡಳಿಯದೇ.

ಬೆಟ್ಟದ ಊರಿನ ಲೆಕ್ಕ

ವೈದ್ಯಕೀಯ ಮಂಡಳಿಯ ಮಾತನ್ನು ಒಪ್ಪದ ಸೈನಿಕ ಎರಡು ಹಂತದ ಇಲಾಖಾ ಮೇಲ್ಮನವಿ ಮುಗಿಸಿ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಹೋಗಬೇಕು. 2007ರ ಕಾಯ್ದೆಯಿಂದ ಹುಟ್ಟಿ 2009ರಲ್ಲಿ ಕೆಲಸ ಶುರು ಮಾಡಿದ ಈ ನ್ಯಾಯಮಂಡಳಿಯಲ್ಲಿ ಕರ್ನಾಟಕವನ್ನು ಕೊಚ್ಚಿಯ ಪೀಠದ ವ್ಯಾಪ್ತಿಗೆ ಸೇರಿಸಲಾಗಿದೆ. ಮಳೆಗಾಲದಲ್ಲಿ ಶಿರಾಡಿ ಘಾಟಿ ಮುಚ್ಚಿದರೆ ಮಂಗಳೂರು ಮುಟ್ಟುವುದೇ ಕಷ್ಟವಾಗುವ ಸಕಲೇಶಪುರದವನಿಗೆ ಕೊಚ್ಚಿಯ ವಕೀಲರನ್ನು ಹುಡುಕುವುದು ಸಣ್ಣ ಮಾತಲ್ಲ.

ಭೂಮಿಯ ಮಾತೂ ಇದೆ. 1969ರ ಭೂ ಮಂಜೂರಾತಿ ನಿಯಮಗಳು ಹಂಚಿಕೆಯ ಸರ್ಕಾರಿ ಜಮೀನಿನಲ್ಲಿ ಮಾಜಿ ಸೈನಿಕರು ಮತ್ತು ಸೈನಿಕರಿಗೆ ಶೇ. 10 ಮೀಸಲಿಟ್ಟವು. ಬಾಳ್ಗಚ್ಚಿನ ಹಾಗೆ ಇದೂ ಸೇವೆಗೆ ಪ್ರತಿಯಾಗಿ ಭೂಮಿ, ಆದರೆ ಇಲ್ಲಿ ಊರು ತಾನಾಗಿ ಸಿಗುವುದಿಲ್ಲ, ದರಖಾಸ್ತು ಹಾಕಿ ಕಾಯಬೇಕು. ಗೊರೂರಿನ ಹೇಮಾವತಿ ಜಲಾಶಯಕ್ಕೆ ನೆಲ ಬಿಟ್ಟುಕೊಟ್ಟವರು, ಬಗರ್‌ಹುಕುಂ ಸಾಗುವಳಿದಾರರು, ಅರಣ್ಯ ಇಲಾಖೆ, ಆನೆಗಳ ಓಡಾಟದ ದಾರಿ ಇವೆಲ್ಲವೂ ಸಕಲೇಶಪುರ–ಆಲೂರಿನ ಅದೇ ನೆಲದ ಮೇಲೆ ಹಕ್ಕು ಕೇಳುತ್ತವೆ. ಕಾಲು ಊನವಾದವನಿಗೆ ಇಳಿಜಾರಿನ ಕಾಫಿ ನೆಲ ಸಿಕ್ಕರೂ ತಾನೇ ದುಡಿಯಲಾಗದು. ಹಾಗಾಗಿ ಮಲೆನಾಡಿನಲ್ಲಿ ತಿಂಗಳ ಪಿಂಚಣಿಯ ವರ್ಗವೇ ಭೂಮಿಗಿಂತ ನಿರ್ಣಾಯಕ.

ಉಪಸಂಹಾರ

ಶಿಲಾಶಾಸನದ ದತ್ತಿಗೆ ಅರಸನ ಮರ್ಜಿಯೇ ಮೂಲವಾಗಿದ್ದರೂ ಅದರ ಕಾರಣವನ್ನು ಊರಿಗೆ ಊರೇ ಓದಬಹುದಿತ್ತು. ಇಂದಿನ ಪಿಂಚಣಿ ಮರ್ಜಿಯಲ್ಲ, ಹಕ್ಕು, ಆದರೆ ಅದರ ಕಾರಣ ಕಡತದೊಳಗೆ ಉಳಿಯುತ್ತದೆ. ಅಂಗವೈಕಲ್ಯದ ಎಷ್ಟೋ ವ್ಯಾಜ್ಯಗಳ ತಿರುಳು ನಿಯಮಗಳ ಕೊರತೆಯಲ್ಲ, ನಿಯಮ ಕೇಳಿದ ವಿವರಣೆಯನ್ನು ಮಂಡಳಿ ಬರೆಯದಿದ್ದುದು. ಸುಧಾರಣೆಯೂ ಅಲ್ಲಿಂದಲೇ ಆಗಬೇಕು. ಬಿಡುಗಡೆಯ ದಿನವೇ ಮಂಡಳಿಯ ಕಾರಣಸಹಿತ ಟಿಪ್ಪಣಿಯ ಪ್ರತಿ ಸೈನಿಕನ ಕೈಗೆ ಸಿಗಬೇಕು, ಅದನ್ನು ಕನ್ನಡದಲ್ಲಿ ತಿಳಿಸಿ ಮೇಲ್ಮನವಿ ಬರೆದುಕೊಡುವ ಹೊಣೆ ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯದಾಗಬೇಕು, ನ್ಯಾಯಮಂಡಳಿ ವರ್ಷದಲ್ಲಿ ಕೆಲವು ದಿನವಾದರೂ ಕರ್ನಾಟಕದಲ್ಲಿ ಕೂರಬೇಕು. ಇವುಗಳಲ್ಲಿ ಯಾವುದಕ್ಕೂ ಹೊಸ ವರ್ಗವಾಗಲಿ ಹೊಸ ಪಿಂಚಣಿಯಾಗಲಿ ಬೇಕಿಲ್ಲ.