ಬೇಡ ಅನ್ನುವ ಧೈರ್ಯ

ನಮ್ಮ ಸಭೆಗಳಲ್ಲಿ ಜೋರಾಗಿ ಕೂಗಿದವನೇ ನಾಯಕ. ನಾನೂ ಹಾಗೆ ಕೂಗಿ ಚಪ್ಪಾಳೆ ಗಿಟ್ಟಿಸಿದವನೇ. ಒಮ್ಮೆ ನಾನು ಭಾಷಣ ಮುಗಿಸಿ ಬಸ್ಸು ಹತ್ತಿದ ಮೇಲೆ ಏಟು ತಿಂದದ್ದು ಮಾತ್ರ ಕೇರಿಯವರು. ಅವತ್ತಿನಿಂದ ಮಹಾಡ್ ನನ್ನನ್ನು ಕಾಡ್ತಾ ಇದೆ.

1927ರ ಮಾರ್ಚ್ 20ರಂದು ಅಂಬೇಡ್ಕರ್ ಚವದಾರ್ ಕೆರೆಯ ನೀರು ಕುಡಿದರು. ಹಿಂದೆ ಬಂದ ಜನವೂ ಕುಡಿಯಿತು. ದೇವಸ್ಥಾನಕ್ಕೂ ನುಗ್ತಾರಂತೆ ಅಂತ ಗಾಳಿಸುದ್ದಿ ಹಬ್ಬಿ, ಸವರ್ಣರು ನಮ್ಮೋರನ್ನು ಬಡಿದರು. ತಿರುಗಿ ಹೊಡೆಯಲು ಎದ್ದವರನ್ನು ಬಾಬಾಸಾಹೇಬರು ತಡೆದರು.

ಡಿಸೆಂಬರ್‌ನಲ್ಲಿ ಮತ್ತೆ ಹೋದರು. 25ರಂದು ಮನುಸ್ಮೃತಿ ಸುಟ್ಟರು. ಕೆರೆಗೆ ಮಾತ್ರ ಕೋರ್ಟಿನ ತಡೆಯಾಜ್ಞೆ ಬಂದಿತ್ತು. ಜೈಲಿಗೆ ತಯಾರಾಗಿ ಬಂದ ಜನರೆದುರು ನಿಂತು ಈಗ ಬೇಡ ಅನ್ನೋದು ಸುಲಭವೆ? ಅವರು ಅಂದರು, ಕಾರಣ ಹೇಳಿ ಒಪ್ಪಿಸಿದರು. ಕೇಸು ಬಿಡಲಿಲ್ಲ. 1937ರಲ್ಲಿ ಬಾಂಬೆ ಹೈಕೋರ್ಟ್ ತೀರ್ಪು ನಮ್ಮ ಪರವಾಯಿತು.

ಇದನ್ನು ಹಿಂಜರಿಕೆ ಅನ್ನೋರಿದ್ದಾರೆ. ಮನುವಿಗೆ ಬೆಂಕಿ ಇಟ್ಟ ಸಮಾವೇಶದ ನಾಯಕ ಹಿಂಜರಿದಾನೆಯೆ? ಮೊದಲು ತಾನು ನೀರಿಗಿಳಿಯುವ ಎದೆಗಾರಿಕೆ, ತನ್ನವರಿಗೇ ಬೇಡ ಅನ್ನುವ ಧೈರ್ಯ, ಹತ್ತು ವರ್ಷ ಕಾಯುವ ಹಠ: ಈ ಮೂರೂ ಒಬ್ಬನಲ್ಲೇ ಇರಬೇಕು. ನನ್ನಲ್ಲಿದ್ದದ್ದು ಗಂಟಲು ಮಾತ್ರ.